ನಾಯಕಿಯ ಗೊಂಬೆಗೆ ಬಣ್ಣ

ರಾಮನಗರ
ಮಾರ್ಚ್ 2006

ಪ್ರೀತಿಯ ವಜೀರಾ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಾವಿಬ್ಬರೂ ಮರಳಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಸಿನಿಮಾ ನೋಡುತ್ತಿದ್ದ ಟೆಂಟಿನ ಜಾಗದಲ್ಲಿ ಈಗ ಗಾರ್ಮೆಂಟ್ಸ್ ಫ್ಯಾಕ್ಟರಿ ಎದ್ದಿದೆ. ಅದರ ಉದ್ಘಾಟನೆಗೆ ನಮ್ಮ ಆ ನಾಯಕನಟ ಬಂದಿದ್ದ. ತಲೆ ಪೂರ್ತಿ ನರೆತಿದೆ. ಟೀ ಅಂಗಡಿಯಲ್ಲಿ ಇನ್ನೂ ಅದೇ ಜಗಳ.

‘ಹೆಂಡ್ತಿನ ಕೊಂದೋನ್ಗೆ ಹಾರ ಹಾಕ್ತೀರೇನ್ಲಾ?’

‘ಕೋರ್ಟೇ ಬುಟ್ಟೈತೆ, ನೀನ್ಯಾವ ಸೀಮೆ ಜಡ್ಜಪ್ಪಾ?’

ನನಗೆ ನೆನಪಾದದ್ದು ನಿನ್ನ ಅಬ್ಬಾ ನಮಗಾಗಿ ಕಡೆದುಕೊಟ್ಟ ಜೋಡಿಗೊಂಬೆ. ನಾಯಕ ನಿನಗೆ, ನಾಯಕಿ ನನಗೆ. ತೆರೆಯ ಮೇಲಿನ ಆ ನಾಯಕಿಯೇ ಮುಂದೆ ಅವನ ಹೆಂಡತಿಯಾದಳು, ಅವನ ಮನೆಯಲ್ಲೇ ಸತ್ತಳು. ಅವನು ಖುಲಾಸೆಯಾದ ದಿನ ನಾನು ನಿಮ್ಮ ಮನೆಯಲ್ಲಿದ್ದೆ, ನೀನು ಖುಷಿಯಿಂದ ಶರಬತ್ತು ತಂದುಕೊಟ್ಟೆ. ‘ಈ ಮನೇಲಿ ಹನಿ ನೀರೂ ಮುಟ್ಟಲ್ಲ’ ಎಂದು ನಾನು ಲೋಟ ತಳ್ಳಿ ಬಂದೆ. ಅಂದದ್ದು ಅವನ ಮೇಲಿನ ಸಿಟ್ಟಿಗೆ. ಆದರೆ ನಮ್ಮ ಜನ ನಿಮ್ಮ ಬಾಗಿಲಲ್ಲಿ ಅದೇ ಮಾತನ್ನು ಬೇರೆ ಕಾರಣಕ್ಕೆ ಆಡುತ್ತಾರೆ ಎನ್ನುವುದು ಬಸ್ಸು ಹತ್ತಿದ ಮೇಲೆ ಹೊಳೆಯಿತು. ಇಳಿದು ವಾಪಸ್ಸು ಬರಬೇಕಿತ್ತು.

ಅವನೇ ಕೊಂದ ಎಂದು ಇವತ್ತಿಗೂ ನಂಬಿದ್ದೇನೆ. ನೀನು ಒಪ್ಪಬೇಕಾಗಿಲ್ಲ. ನನ್ನ ನಾಯಕಿ ಗೊಂಬೆಯ ಸೀರೆಯ ಅರಗಿನ ಬಣ್ಣ ಚಕ್ಕೆ ಎದ್ದಿದೆ. ನಿನ್ನ ತಮ್ಮ ಓವೈಸ್ ಸರಿಮಾಡಿಕೊಟ್ಟಾನೇ? ಭಾನುವಾರ ಚನ್ನಪಟ್ಟಣಕ್ಕೆ ತರುತ್ತೇನೆ. ನಿನ್ನ ನಾಯಕ ಗೊಂಬೆಯನ್ನು ಬೀರುವಿನಲ್ಲಿ ಬಚ್ಚಿಡಬೇಡ, ಇದ್ದಲ್ಲೇ ಇರಲಿ.

ಬಿಸಿಲಲ್ಲಿ ನಡೆದು ಬಂದಿರುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಒಂದು ಲೋಟ ನೀರು ಕೊಡು.

ನಿನ್ನ
ಲತಾಮಣಿ