ನನ್ನ ಟೆಲಿಫೋನನ್ನು ದಯವಿಟ್ಟು ಕೆಡಿಸಿಕೊಡಿ

ಮಧುಗಿರಿ, ಆಗಸ್ಟ್ 1988

ದೂರವಾಣಿ ಇಲಾಖೆಯ ಮಾನ್ಯ ಮೇಲಧಿಕಾರಿಗಳೇ,

ನನ್ನ ಮನೆಯ ಟೆಲಿಫೋನ್ ಸರಿಯಾಗಿ ಕೆಲಸ ಮಾಡುತ್ತಿದೆ. ಈ ಬಗ್ಗೆ ನಿಮ್ಮ ಇಲ್ಲಿನ ಕಚೇರಿಗೆ ಹಲವು ಸಲ ದೂರು ಕೊಟ್ಟರೂ ಯಾರೂ ಬಂದು ಕೆಡಿಸಿಕೊಟ್ಟಿಲ್ಲ. ಮೊದಲ ಸಲ ಹೋದಾಗ ಗುಮಾಸ್ತರು ನಕ್ಕರು. ಆಮೇಲೆ ಕುರ್ಚಿ ಹಾಕಿ ನೀರು ಕೊಟ್ಟರು. ಮೊನ್ನೆ ಹೋದಾಗ ಮನೆಯಲ್ಲಿ ಯಾರಾದರೂ ದೊಡ್ಡವರು ಇದ್ದರೆ ಕಳಿಸಿ ಎಂದರು. ನನಗೆ ಅರವತ್ತು ದಾಟಿದೆ, ನನಗಿಂತ ದೊಡ್ಡವರನ್ನು ಎಲ್ಲಿಂದ ತರಲಿ? ಆದ್ದರಿಂದ ನಾಲ್ಕು ಜನ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೋಡ ಕಂಡರೆ, ಗಾಳಿ ಬೀಸಿದರೆ, ಕಂಬದ ಮೇಲೆ ಕಾಗೆ ಕೂತರೆ ಕೆಡುತ್ತಿದ್ದ ಫೋನು ನಿಮ್ಮ ಹೊಸ ಸ್ವಯಂಚಾಲಿತ ಯಂತ್ರ ಬಂದ ಮೇಲೆ ಒಂದು ದಿನವೂ ಕೆಟ್ಟಿಲ್ಲ. ಒಬ್ಬ ಸಂಸಾರಸ್ಥನ ಮೇಲೆ ಇಲಾಖೆಗೆ ಇಷ್ಟು ಹಗೆ ಏಕೆ?

ನಾನು ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆಯ ಗಿರಣಿ ನಡೆಸುವವನು. ಒಬ್ಬಳೇ ಮಗಳು ಕಮಲಾಕ್ಷಿಯನ್ನು ಹತ್ತು ವರ್ಷದ ಹಿಂದೆ ಪಾವಗಡದ ಕಡಲೆಕಾಯಿ ಮಂಡಿಯ ವೃಷಭೇಂದ್ರಪ್ಪನವರ ಮಗನಿಗೆ ಕೊಟ್ಟಿದ್ದೇನೆ. ಬೀಗರು ದೇವರಂಥವರು, ದೇವರ ಹಾಗೆಯೇ ಬೇಗ ಮುನಿಯುತ್ತಾರೆ. ಅವರಿಗೂ ನನಗೂ ಚದುರಂಗದ ಹುಚ್ಚು. ದಿನಾ ಬೆಳಿಗ್ಗೆ ಕಡಲೆಕಾಯಿ ದರ ಕೇಳಲು ಟ್ರಂಕ್ ಕಾಲ್ ಹೇಗೂ ಮಾಡಬೇಕಿತ್ತು. ದರದ ಮಾತು ಮುಗಿದ ಮೇಲೆ ಸಿಕ್ಕ ಮೂರು ನಿಮಿಷದಲ್ಲಿ ಉಳಿದ ಹೊತ್ತಿನಲ್ಲಿ ಅವರದೊಂದು ನಡೆ, ನನ್ನದೊಂದು ನಡೆ. ಅವರ ಮಣೆ ಮಂಡಿಯ ಗಾದಿಯ ಪಕ್ಕ, ನನ್ನ ಮಣೆ ಗಿರಣಿಯ ಗಲ್ಲಾದ ಪಕ್ಕ. ಸಂಕ್ರಾಂತಿಗೆ ಹೂಡಿದ ಆಟ ಯುಗಾದಿಗೆ ಮುಗಿದರೆ ಅದು ಅವಸರದ ಆಟ ಎಂದು ಲೆಕ್ಕ.

ಮೊದಲ ಆಟವನ್ನು ನಾನು ಗೆದ್ದೆ. ಗೆದ್ದ ಮರುವಾರ ಗೌರಿ ಹಬ್ಬ, ಮದುವೆಯಾದ ಮೇಲೆ ಮಗಳಿಗೆ ಮೊದಲನೆಯದು. ತವರಿನ ಬಾಗಿನ ಸಿದ್ಧವಾಗಿತ್ತು. ಬೀಗರು ಫೋನಿನಲ್ಲಿ ತಮ್ಮ ತೆಲುಗು ಬೆರೆತ ಮಾತಿನಲ್ಲಿ, "ಈ ಸಾರಿ ಕಳ್ಸೋಕೆ ಆಗಲ್ಲ ಬೀಗ್ರೇ, ಮನೇಲಿ ಪನಿ ಜಾಸ್ತಿ ಐತೆ" ಎಂದರು. ಮನೆ ತುಂಬ ಆಳುಕಾಳು ಇರುವವರಿಗೆ ಯಾವ ಪನಿ, ಎಂಥ ಕೆಲಸ? ಹೆಣ್ಣು ಕೊಟ್ಟವನು ಬಗ್ಗಿ ನಡೆಯಬೇಕು ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಬೀಗರು ಬಂದರೆ ಕಾಲಿಗೆ ನೀರು ಕೊಡುತ್ತೇನೆ, ಎಲೆಯ ಮುಂದೆ ನಿಂತು ತುಪ್ಪ ಬಡಿಸುತ್ತೇನೆ. ಆದರೆ ಅವರ ಮಂತ್ರಿ ನನ್ನ ಕುದುರೆಯ ಬಾಯಿಗೆ ತಾನಾಗಿ ಬಂದು ನಿಂತಾಗ ಬಗ್ಗುವುದು ಹೇಗೆ? ಹಬ್ಬದ ದಿನ ಕಮಲಾಕ್ಷಿ ಫೋನಿನಲ್ಲಿ ಅತ್ತಳು. ನನ್ನ ಹೆಂಡತಿ ಬಸವಮ್ಮ ಬಾಗಿನದ ಮೊರವನ್ನು ಅಟ್ಟಕ್ಕೆ ಹಾಕಿ ನನಗೆ ಊಟ ಬಡಿಸದೆ ಮಲಗಿದಳು.

ಅಲ್ಲಿಂದಾಚೆ ನಮ್ಮ ಅದೃಷ್ಟ ತಿರುಗಿತು. ವರ್ಷಕ್ಕೆ ಮೂರು ನಾಲ್ಕು ಆಟವನ್ನು ನಾನು ಗೆಲ್ಲುತ್ತ ಬಂದೆ, ಬೀಗರು ಮಾತ್ರ ಮುನಿಯಲಿಲ್ಲ. ಪ್ರತಿ ಗೌರಿಗೂ ಮಗಳು ತಪ್ಪದೆ ಬಂದಳು. ಬೀಗರಿಗೆ ವಯಸ್ಸಿನ ಜೊತೆ ಬುದ್ಧಿಯೂ ಬಂತು ಎಂದುಕೊಂಡೆ. ಸೋತವರ ಮುಂದೆ ಗೆದ್ದ ಮಾತು ಆಡಬಾರದೆಂದು ನಾನು ಬಾಯಿ ಬಿಡುತ್ತಿರಲಿಲ್ಲ. ಆಟ ಮುಗಿದಾಗೆಲ್ಲ ಸಮಾಧಾನಕ್ಕೆಂದು ನಮ್ಮ ಮಧುಗಿರಿ ದಾಳಿಂಬೆಯ ಒಂದು ಪುಟ್ಟಿಯನ್ನು ಪಾವಗಡದ ಬಸ್ಸಿನ ಮೇಲೆ ಕಳಿಸುತ್ತಿದ್ದೆ. ಅವರು ನಿಡುಗಲ್ ಬೆಟ್ಟದ ಕಡೆಯ ಸೀತಾಫಲ ಕಳಿಸುತ್ತಿದ್ದರು. ಸೋತ ಪಾಳೇಗಾರ ಕಳಿಸಿದ ಕಪ್ಪಕಾಣಿಕೆ ಎಂದು ನಾನು ಅದನ್ನು ಮೀಸೆ ತಿರುವಿಕೊಂಡೇ ತಿಂದೆ.

ಆ ಕಾಲದಲ್ಲಿ ಪಾವಗಡದ ಲೈನು ಹೇಗಿತ್ತೆಂದು ನಿಮಗೆ ನೆನಪಿದೆಯೇ? ನನ್ನ ಮಾತು ಪಾವಗಡಕ್ಕೆ ಹೋಗುತ್ತಿರಲಿಲ್ಲ, ಅಲ್ಲಿಯ ಮಾತು ಇಲ್ಲಿಗೆ ಬರುತ್ತಿರಲಿಲ್ಲ. ಎರಡೂ ಕಡೆ ಕೇಳಿಸುತ್ತಿದ್ದುದು ನಡುವೆ ಕೂತ ಆಪರೇಟರಮ್ಮನಿಗೆ ಮಾತ್ರ. (ಅವರ ಹೆಸರು ಬರೆದರೆ ನೀವು ನೋಟಿಸು ಕಳಿಸುತ್ತೀರಿ, ಬರೆಯುವುದಿಲ್ಲ.) ನಾನು ಹೇಳಿದ ನಡೆಯನ್ನು ಅವರು ಬೀಗರಿಗೆ ಕೂಗಿ ಹೇಳುವರು, ಬೀಗರದನ್ನು ನನಗೆ ಕೂಗುವರು. ಒಮ್ಮೊಮ್ಮೆ ಶಿರಾದ ಯಾವನೋ ಕಂಬಳಿ ವ್ಯಾಪಾರಿಯ ಲೈನು ನಡುವೆ ಸಿಕ್ಕಿಕೊಂಡು, "ಅರೆ ಭಾಯ್, ಘೋಡಾ ನಕ್ಕೋ ಚಲಾವ್, ಮರ್ ಜಾತಾ" ಎಂದು ನನ್ನ ಕುದುರೆಯ ಪ್ರಾಣ ಉಳಿಸಿದ್ದೂ ಉಂಟು. ಅವನ ಮುಖವನ್ನು ನಾನು ಇಂದಿಗೂ ನೋಡಿಲ್ಲ. ನಿಮ್ಮ ಹೊಸ ಲೈನಿನಲ್ಲಿ ಅಂಥ ಪುಣ್ಯಾತ್ಮರಿಗೆ ಜಾಗವಿಲ್ಲ.

ಕಳೆದ ತಿಂಗಳು ಸ್ವಯಂಚಾಲಿತ ಕೇಂದ್ರದ ಉದ್ಘಾಟನೆಯಾಯಿತು. ಇನ್ನು ಮನುಷ್ಯನಿಗೂ ಮನುಷ್ಯನಿಗೂ ನಡುವೆ ಯಾರೂ ಇರುವುದಿಲ್ಲ ಎಂದು ಭಾಷಣವಾಯಿತು, ನಾನೂ ಚಪ್ಪಾಳೆ ತಟ್ಟಿದೆ. ಮರುದಿನ ನಾನೇ ನಂಬರು ತಿರುಗಿಸಿದೆ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಬೀಗರ ದನಿ ಪಕ್ಕದಲ್ಲಿ ಕೂತಷ್ಟು ಸ್ಪಷ್ಟವಾಗಿ ಕೇಳಿಸಿತು.

"ಏಂ ಬೀಗ್ರೇ, ಬಾಗುನ್ನಾರಾ? ಕೊತ್ತ ಆಟ, ಹೊಸಾದು ಹೂಡೋಣ. ಪಾಪಂ, ಪ್ರತಿ ಸಾರಿ ನೀವೇ ಸೋಲ್ತೀರಿ. ಈ ಸಾರಿ ಬಿಳೀದು ನೀವೇ ಇಟ್ಕೊಳ್ಳಿ, ಪರವಾಲೇದು" ಎಂದರು.

ಗೆಲ್ಲುತ್ತ ಬಂದವನು ನಾನಲ್ಲವೇ? ಬೀಗರ ಎದುರು ವಾದ ಮಾಡುವಂತಿಲ್ಲ. "ಆಗಲಿ" ಎಂದು ಬಿಳಿಯದನ್ನು ತೆಗೆದುಕೊಂಡು, ಮೊದಲ ನಡೆ ಹೇಳಿ, ನೇರ ನಿಮ್ಮ ಕಚೇರಿಗೆ ಓಡಿದೆ. ಆಪರೇಟರಮ್ಮನನ್ನು ಈಗ ಬಿಲ್ಲು ಕಟ್ಟುವ ಕಿಟಕಿಯ ಹಿಂದೆ ಕೂರಿಸಿದ್ದೀರಿ. ವಿಷಯ ಕೇಳಿದ ಕೂಡಲೇ ಅವರು ಪೆನ್ನು ಕೆಳಗಿಟ್ಟರು.

"ನೀವಿಬ್ರೂ ಒಬ್ರ ಜೊತೆ ಒಬ್ರು ಆಡೇ ಇಲ್ಲ ಸಾರ್. ಇಬ್ರೂ ಆಡಿದ್ದು ನನ್ನ ಜೊತೆ."

"ಅಂದ್ರೆ?"

"ಆ ಮೊದಲ್ನೇ ಹಬ್ಬದಲ್ಲಿ ನಿಮ್ಮ ಮಗಳು ಅತ್ತಿದ್ದು ನನ್ನ ಕಿವೀಲೇ ಅಲ್ವಾ? ಅದಕ್ಕೇ ಎರಡು ಮಣೆ ತಂದು ಇಟ್ಕೊಂಡೆ. ನೀವು ಹೇಳಿದ ನಡೆಗೆ ನಾನೇ ಒಂದು ಉತ್ತರ ಹೇಳ್ತಿದ್ದೆ, ಅವರದಕ್ಕೆ ಇನ್ನೊಂದು. ಎರಡು ಕಡೇನೂ ನಾನೇ ಸೋಲ್ತಿದ್ದೆ. ಅವ್ರೂ ಗೆದ್ರು, ನೀವೂ ಗೆದ್ರಿ, ಹುಡುಗಿ ಹಬ್ಬಕ್ಕೆ ಬಂದ್ಲು. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಹತ್ರ ಸೋಲೋದು ಬಲು ಕಷ್ಟ ಆಗ್ತಿತ್ತು ಸಾರ್."

ಬೇಜಾರು ಮಾಡಿಕೊಂಡೆ. ಆಮೇಲೆ ಇನ್ನೊಂದು ದಿಗಿಲು ಹುಟ್ಟಿ, ಕಡಲೆಕಾಯಿ ದರವನ್ನೂ ಹೀಗೇ ಹೇಳುತ್ತಿದ್ದಿರಾ ಎಂದು ಕೇಳಿದೆ. ಆಕೆಗೆ ನಿಜವಾಗಿ ಕೋಪ ಬಂತು. "ಅದು ವ್ಯವಹಾರ ಸಾರ್. ವ್ಯವಹಾರದಲ್ಲಿ ಸುಳ್ಳು ಹೇಳೋಕಾಗುತ್ತಾ?" ಎಂದರು.

ಹಾಗಾದರೆ ನನ್ನ ದಾಳಿಂಬೆಯನ್ನು ಬೀಗರು ಕಪ್ಪವೆಂದೇ ತಿಂದಿದ್ದಾರೆ. ಅವರ ಸೀತಾಫಲ ನನ್ನ ಸಮಾಧಾನಕ್ಕೆ ಬಂದದ್ದು. ಹಬ್ಬಹುಣ್ಣಿಮೆಗೆ ಸೇರಿದಾಗ ಅವರು ನನ್ನ ಬೆನ್ನು ಸವರುತ್ತಿದ್ದುದು, ನಾನು ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದುದು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮರುಗುತ್ತಿದ್ದುದು, ಎಲ್ಲವೂ ಒಬ್ಬ ಹೆಣ್ಣುಮಗಳು ತಂತಿಯ ನಡುವೆ ಕೂತು ಕಟ್ಟಿದ ಸಂಸಾರ. ಬುದ್ಧಿವಂತರು ನನಗೆ ಹೇಳುತ್ತಾರೆ: ಹೊಸ ಯಂತ್ರದಿಂದ ಸತ್ಯ ತಿಳಿಯಿತಲ್ಲ, ಸಂತೋಷಪಡಿ. ಸ್ವಾಮಿ, ಬೀಗರ ನಡುವೆ ಸತ್ಯ ಬೇಕೆಂದು ಯಾರು ಅರ್ಜಿ ಹಾಕಿದ್ದರು? ಅಮೆರಿಕಾ ರಷ್ಯಾಗಳಲ್ಲಿ ಚದುರಂಗ ಆಡುವ ಯಂತ್ರಗಳು ಬಂದು ದೊಡ್ಡದೊಡ್ಡವರನ್ನು ಸೋಲಿಸುತ್ತಿವೆಯಂತೆ. ಗೆಲ್ಲುವ ಯಂತ್ರ ಕಟ್ಟುವುದು ಏನು ದೊಡ್ಡ ಕೆಲಸ? ಎರಡು ಕಡೆ ಒಟ್ಟಿಗೆ ಸೋತು, ಇಬ್ಬರು ಗಂಡಸರಿಗೂ ಗೊತ್ತಾಗದಂತೆ ಹತ್ತು ವರ್ಷ ನಡೆಸುವ ಯಂತ್ರ ಕಟ್ಟಿ ತೋರಿಸಿ.

ಈಗ ನಡೆಯುತ್ತಿರುವುದು ನಮ್ಮ ನಿಜವಾದ ಆಟ. ನಂಬರು ತಿರುಗಿಸಿದರೆ ಸಿಗುತ್ತದಲ್ಲ, ಬೀಗರು ಹಲ್ಲುಜ್ಜುವ ಮೊದಲೇ ಫೋನು ಮಾಡುತ್ತಾರೆ, ದಿನಕ್ಕೆ ಎರಡು ಮೂರು ನಡೆ. ಇಷ್ಟು ವರ್ಷ ಗೆದ್ದವರಾದ್ದರಿಂದ ಧೈರ್ಯ ವಿಪರೀತ. "ಈ ಆಟ ಗೆದ್ದು, ಆಮೇಲೆ ಸೊಸೇನ ಹಬ್ಬಕ್ಕೆ ಕಳ್ಸೋದು" ಎಂದು ಮನೆಯಲ್ಲಿ ಸಾರಿಬಿಟ್ಟಿದ್ದಾರೆ. ಆಟ ನಿಲ್ಲಿಸೋಣವೆಂದರೆ ಹೆದರಿದ ಎನ್ನುತ್ತಾರೆ, ಬೇಕೆಂದೇ ಸೋತೆನೆಂದು ತಿಳಿದರೆ ಅವಮಾನ ಮಾಡಿದ ಎನ್ನುತ್ತಾರೆ. ಸದ್ದಿಲ್ಲದೆ ಸೋಲೋಣವೆಂದು ನನ್ನ ಮಂತ್ರಿಯನ್ನು ಅವರ ಕಾಲಾಳಿನ ಬಾಯಿಗೆ ಇಟ್ಟೆ. ಅವರು ನೋಡಲೇ ಇಲ್ಲ. ಒಂಟೆಯನ್ನು ಬಿಟ್ಟುಕೊಟ್ಟೆ, ಅದನ್ನು ಬಿಟ್ಟು ತಮ್ಮ ಆನೆಯನ್ನು ನನಗೆ ಕೊಟ್ಟರು. ನಾನು ಒಂದು ತಪ್ಪು ಮಾಡುವಷ್ಟರಲ್ಲಿ ಅವರು ಎರಡು ಮಾಡುತ್ತಾರೆ. ಇಂಥವರ ಹತ್ತಿರ ಸೋಲಲು ಆಪರೇಟರಮ್ಮ ಏನೇನು ಪಾಡುಪಟ್ಟರೋ ಶಿವನೇ ಬಲ್ಲ. (ಇದನ್ನೆಲ್ಲ ಹೀಗೆ ಬಹಿರಂಗವಾಗಿ ಬರೆಯಲು ಧೈರ್ಯ ಬಂದದ್ದು ಬೀಗರು ತೆಲುಗು ಪೇಪರು ಮಾತ್ರ ಓದುವುದರಿಂದ.)

ಮೊನ್ನೆ ಫೋನಿಗೆ ಕಮಲಾಕ್ಷಿಯೇ ಸಿಕ್ಕಳು. "ಅಪ್ಪಾ, ಇನ್ನೂ ಮುಗೀಲಿಲ್ವಾ? ನಿಂಗೆ ಸೋಲೋಕೂ ಬರಲ್ವಾ?" ಎಂದು ನಕ್ಕಳು. ಆಮೇಲೆ ದನಿ ಸಣ್ಣದು ಮಾಡಿ, "ಅಮ್ಮನ್ನ ನೋಡಬೇಕು ಅನ್ಸುತ್ತೆ ಕಣಪ್ಪ" ಎಂದಳು. ಹಳೆಯ ಲೈನಿನಲ್ಲಾಗಿದ್ದರೆ ಆ ಸಣ್ಣ ದನಿ ನನಗೆ ಕೇಳಿಸುತ್ತಿರಲಿಲ್ಲ. ಹೊಸ ಲೈನಿನಲ್ಲಿ ಕೇಳಿಸಿತು. ಪಕ್ಕದಲ್ಲೇ ನಿಂತಿದ್ದ ಬಸವಮ್ಮ, "ಸೋತೆ ಅಂತ ಒಂದು ಮಾತು ಬಾಯಲ್ಲಿ ಬರಲಿ ಸಾಕು, ನನ್ನ ಮಗಳು ಮನೇಗ್ ಬತ್ತಾಳೆ" ಎಂದಳು.

ಸಂಜೆಯೆಲ್ಲ ಕನ್ನಡಿಯ ಮುಂದೆ ನಿಂತು "ಸೋತೆ ಬೀಗ್ರೇ" ಎಂದು ರೂಢಿ ಮಾಡಿದೆ. ಚೆನ್ನಾಗಿಯೇ ಬಂತು. ನಿನ್ನೆ ಬೆಳಿಗ್ಗೆ ಫೋನು ಬಂತು. ಬೀಗರು ಬಲು ಸಂತೋಷದಿಂದ ತಮ್ಮ ರಾಜನನ್ನು ಮೂಲೆಗೆ ತಂದು ನಿಲ್ಲಿಸಿದರು. ಅಲ್ಲಿ ಅವನಿಗೆ ಇನ್ನೊಂದೇ ನಡೆಯ ಆಯುಷ್ಯ. ಆ ಕಡೆ ಮಗಳ ಬಳೆಯ ಸದ್ದು, ಈ ಕಡೆ ಬಸವಮ್ಮನ ಉಸಿರು. ನಾನು ಬಾಯಿ ತೆರೆದೆ. ಬಂದದ್ದು "ಚೆಕ್". ಬೀಗರು ನಿಧಾನವಾಗಿ ಯೋಚಿಸಿ ಹೇಳುತ್ತೇನೆಂದು ಫೋನಿಟ್ಟರು. ಅವರಿಗಿನ್ನೂ ತಿಳಿದಿಲ್ಲ, ಯೋಚಿಸಲು ಅಲ್ಲಿ ಏನೂ ಉಳಿದಿಲ್ಲ.

ಆದ್ದರಿಂದ ಅಧಿಕಾರಿಗಳೇ, ಈ ಪತ್ರ ಕಂಡ ಕೂಡಲೇ ಒಬ್ಬ ಲೈನ್‌ಮನ್ನನ್ನು ಕಳಿಸಿ ನನ್ನ ತಂತಿಯನ್ನು ಕತ್ತರಿಸಿ. ಫೋನು ಸತ್ತರೆ ಅಂಚೆ ಕಚೇರಿಗೆ ಹೋಗಿ ಕಾಲ್ ಬುಕ್ ಮಾಡಬೇಕಾಗುತ್ತದೆ. ಅಲ್ಲಿ ಇನ್ನೂ ಉಳಿದಿರುವ ಹಳೆಯ ಲೈನಿನಲ್ಲಿ ಗೌರಿ ಹಬ್ಬದವರೆಗೆ ಆಪರೇಟರಮ್ಮನನ್ನು ಕೂರಿಸಿ. ಯಾವ ನಡೆಯನ್ನು ಹೇಗೆ ತಿದ್ದಿ ರಾಜನನ್ನು ಬದುಕಿಸಬೇಕೆಂದು ಅವರಿಗೆ ಗೊತ್ತು. ನಿಮ್ಮ ಯಂತ್ರ ಒಳ್ಳೆಯದೇ, ಆದರೆ ನಾನು ಏನು ಹೇಳುತ್ತೇನೋ ಅದನ್ನೇ ಮುಟ್ಟಿಸುತ್ತದೆ. ನಾನು ಏನು ಹೇಳಬೇಕಾಗಿತ್ತೋ ಅದನ್ನು ಮುಟ್ಟಿಸುವವರು ನನಗೆ ಬೇಕು. ನನ್ನ ಬಾಯಿ ಈ ವಯಸ್ಸಿನಲ್ಲಿ ತಿದ್ದುವಂಥದಲ್ಲ, ಮಗಳು ಬರುವುದು ಅದರಿಂದ ತಪ್ಪಬಾರದು.

ಇಂತಿ,
ಗೆಲ್ಲದೆ ಬೇರೆ ದಾರಿ ಕಾಣದ ನತದೃಷ್ಟ,
ಶಂಕರಲಿಂಗಪ್ಪ
ಎಣ್ಣೆ ಗಿರಣಿ, ಮಧುಗಿರಿ