ಬದುವಿನ ಮೇಲಿದ್ದ ಬಾಟ್ಲಿ

ಪುಟ್ಟತಾಯಕ್ಕಂಗೆ, ನಿನ್ನ ವಾರಗಿತ್ತಿ ಕೆಂಪಿ ಬರೆಯೋದು. ಮೂರನೇ ಕ್ಲಾಸಿನ ಅಕ್ಷರ, ಸೊಟ್ಟಗಿದ್ರೆ ಆಡ್ಕೋಬೇಡ.

ಜಗುಲಿ ಮೇಲೆ ನಾನು ಪತ್ತೇದಾರಿ ಕಾದಂಬರಿಗಳ ಅಕ್ಷರ ಕೂಡಿಸಿ ಓದ್ತಿದ್ದದ್ದು ನೆನಪೈತಾ? ಮದ್ದೂರು ಬಸ್‌ಸ್ಟ್ಯಾಂಡಲ್ಲಿ ಕೊಂಡ ಹಳೇ ಪುಸ್ತಕಗಳು. ನಿನ್ನ ಕಣ್ಣಿಗೆ ಪೊರೆ ಬಂದು ಎದುರಿಗೆ ನಿಂತೋರ ಮುಖಾನೂ ಮಸುಕಾಗಿತ್ತು. "ಮನೇಲಿ ಯೋಳ್ಬ್ಯಾಡ ಕಣೆ, ಆಪರೇಸನ್ನು ಅಂತ ಎಳ್ಕೊಂಡೋಯ್ತವೆ" ಅಂದಿದ್ದೆ ನೀನು, ನಾನೂ ಯಾರಿಗೂ ಹೇಳಲಿಲ್ಲ. ನಾನು ಎರಡು ಪುಟ ಓದೋದ್ರೊಳಗೆ ನೀನು "ಆ ಡಾಕ್ಟ್ರೇ ಕಣೆ ಕೊಂದೋನು" ಅಂತಿದ್ದೆ. ಒಂದಿನಾನಾದ್ರೂ ಸರಿಯಾಗಿ ಹೇಳಿದ್ದೀಯಾ?

ನಿನ್ನನ್ನ ಕಬ್ಬಿನ ಗದ್ದೆಯಿಂದ ಹೊತ್ಕೊಂಡು ಬಂದ ಮಧ್ಯಾಹ್ನ... ಬಾಯೆಲ್ಲ ಕಳೆ ಔಷಧಿ ವಾಸನೆ. ಬೇಡ ಬುಡು. "ಸೊಸೆ ಕಾಟಕ್ಕೆ ವಿಷ ಕುಡುದ್ಲು" ಅಂತು ಊರು. ಗದ್ದೆಗೆ ಬುತ್ತಿ ಕಟ್ಟಿಕೊಟ್ಟೋಳೂ ಅವಳೇ ಅಲ್ವಾ ಅಂದ್ರು. ತಿಥಿಗೂ ಮೊದಲೇ ನಿನ್ನ ಸೊಸೆ ಸವಿತನ್ನ ಬೆಳಕವಾಡಿಗೆ, ತವರಿಗೆ ಅಟ್ಟಿದ್ರು. ನಿನ್ನ ಮಗ ಮಾದೇಶ ತುಟಿ ಬಿಚ್ಚಲಿಲ್ಲ.

ಆ ಬುತ್ತಿ ಪಾತ್ರೆ ತೊಳೆಯಕ್ಕೆ ಕೂತೋಳು ನಾನು. ಅರ್ಧ ಮುದ್ದೆ ಹಂಗೇ ಇತ್ತು, ಮುರಿದ ತುತ್ತು ಸಾರಲ್ಲೇ ಇತ್ತು. ಸಾಯಕ್ಕೆ ಹೊರಟೋಳು ಉಣ್ತಾ ಉಣ್ತಾ ವಿಷ ಕುಡೀತಾಳಾ? ಅಡುಗೆಮನೇಲಿ ನೀನೇ ಮೊಳಕೆ ಕಟ್ಟಿದ್ದ ಹುರುಳಿ ಗಂಟು, ನಾಳೆಯ ಬಸ್ಸಾರಿಗೆ. ಪುಸ್ತಕದ ಪತ್ತೇದಾರಂಗಾದ್ರೆ ಕೋಟು ಇರ್ತದೆ, ನಾನು ಸೆರಗು ಸಿಗಿಸ್ಕೊಂಡೆ. ನಿನ್ನ ನೀರಿನ ಬಾಟ್ಲಿ ಮುಚ್ಚಳ ತೆಗೆದೇ ಇರಲಿಲ್ಲ. ಅದೂ ಕೂಲ್‌ಡ್ರಿಂಕ್ಸ್ ಬಾಟ್ಲಿ, ಔಷಧಿದೂ ಅಂಥದ್ದೇ. ಮುದ್ದೆ ಗಂಟಲಿಗೆ ಸಿಕ್ಕಿ, ನೀರು ಅಂತ ಕೈಗೆ ಸಿಕ್ಕಿದ್ದನ್ನ ಎತ್ತಿ ಕುಡಿದಿದೀಯ.

ಪೊಲೀಸ್ನೋರು ಒಯ್ದ ಔಷಧಿ ಬಾಟ್ಲಿ ಕುತ್ತಿಗೆಗೆ ಬಾಳೆನಾರು ಸುತ್ತಿತ್ತು. ನಾರು ಇದ್ರೆ ಔಷಧಿ, ಮುಟ್ಟಬಾರದು ಅನ್ನೋದು ನಿಮ್ಮ ಮನೆ ಗುರುತು. ಡಬ್ಬದಿಂದ ಬಗ್ಗಿಸಿ ನಾರು ಸುತ್ತೋನು ಮಾದೇಶ. ಗುರುತಿದೆಯಲ್ಲ ಅಂತ ಬದುವಿನ ಮೇಲೇ ಬಿಟ್ಟಿದ್ದಾನೆ. ಅದು ನಿನಗೆ ಕಾಣದು ಅಂತ ಅವನಿಗೆ ಯಾರು ಹೇಳಿದ್ರು?

ಕೊಟ್ಟಿಗೆ ಬಾಗಿಲಲ್ಲಿ ಹಿಡ್ಕೊಂಡೆ ಅವನ್ನ. "ನಾರು ಸುತ್ತಿದ್ದು ನೀನೇ ತಾನೇನ್ಲಾ?"

"ಊಂ ಕಣ್ ಚಿಕ್ಕವ್ವ."

"ಗೊತ್ತಿದ್ದೂ ತಪ್ಪ ಎಂಡ್ತಿ ಮೇಲೆ ಆಕ್ದಲ್ಲೋ ಮುಂಡೇದೆ!"

"ನಾನೇ ಅವ್ವನ್ನ ಕೊಂದೆ ಅಂತಾದ್ರೆ ಊರಲ್ಲಿ ಎಂಗೆ ತಲೆ ಎತ್ಲಿ?"

"ಅವ್ಳು ಎಂಗ್ಲಾ ಎತ್ಬೇಕು?"

ಮಾರನೇ ದಿನ ಊರ ಹಿರೀಕರನ್ನೂ ಅವನನ್ನೂ ಬೆಳಕವಾಡಿಗೆ ಕರ್ಕೊಂಡೋಗಿ, ಅವಳಪ್ಪನ ಎದುರಿಗೇ ಹೇಳಿಸಿದೆ. ಸವಿತಾ ಪೂರಾ ಕೇಳಿದಳು. "ನಮ್ಮತ್ತೆ ತೀರೋದ ದಿನ ನನ್ನ ಅಳಕ್ಕೂ ಬುಡ್ಲಿಲ್ಲ ಚಿಕ್ಕತ್ತೆ" ಅಂದಳು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು. ನಾನು ತಟ್ಟಲಿಲ್ಲ.

ಮಾದೇಶ ಈಗ ತಾನಾಗಿ ಉಣ್ಣಕಿಲ್ಲ, ಗದ್ದೆ ಕಡೆ ಮುಖ ಹಾಕಕಿಲ್ಲ. ಹೊತ್ತು ಹೊತ್ತಿಗೆ ತಟ್ಟೆ ಹಿಡ್ಕೊಂಡು ಅವನೆದುರಿಗೆ ಕೂರ್ತೀನಿ, ಉಂಡ ಮೇಲೇ ಏಳ್ತೀನಿ. ಅವನನ್ನ ನಿನ್ನ ಹಿಂದೆ ಬರಕ್ಕೆ ಬುಡಕಿಲ್ಲ ಅಕ್ಕ, ಇದು ನನ್ನ ಮಾತು. ಆದ್ರೆ ಸವಿತನ್ನ ವಾಪಸ್ ಬಾ ಅಂತ ಮಾತ್ರ ನಾನು ಕರೆಯಕಿಲ್ಲ.