ನೀನು ಹಾಕಿ ಹೋದ ಬೀಗ

ಕೋಟೆ ಬೀದಿ, ಕಡೂರು
೧೬ ಏಪ್ರಿಲ್ ೨೦೪೪

ಪ್ರೀತಿಯ ಸುಮನಾ,

ಲಕ್ಕವಳ್ಳಿಯಲ್ಲಿ ನೀವೆಲ್ಲ ಆರೋಗ್ಯವಾಗಿದ್ದೀರೆಂದುಕೊಂಡಿದ್ದೇನೆ. ಅತ್ತೆಯವರ ಕೆಮ್ಮು ಕಡಿಮೆಯಾಯಿತೆ? ಡ್ಯಾಮಿನ ತಳದಲ್ಲಿ ಇನ್ನೂ ನೀರಿದೆ, ನಿಮಗೆ ದಿನಾ ಸಿಗುತ್ತಿದೆ ಎಂದು ಟ್ಯಾಂಕರಿನ ಈರಭದ್ರಪ್ಪ ಹೇಳಿದ. ಸಮಾಧಾನವಾಯಿತು. ಈ ಕಾಗದವನ್ನು ತರುವವನೂ ಅವನೇ.

ಇಲ್ಲಿ ಬೋರ್‌ವೆಲ್‌ಗಳು ನಿಂತ ಮೇಲೆ ಬೀದಿ ಮುಕ್ಕಾಲು ಖಾಲಿ. ಜನ ಡ್ರಮ್ಮುಗಳಲ್ಲಿ ನೀರು ಕೂಡಿಟ್ಟು, ಬೀಗ ಜಡಿದು, ಮಳೆಗಾಲದವರೆಗೆ ನೆಂಟರ ಊರಿಗೆ ಹೋಗುತ್ತಾರೆ. ಈಗ ಕಳುವಾಗುವುದು ಚಿನ್ನವಲ್ಲ, ನೀರು. ಅದರಿಂದ ನನ್ನ ಬೀಗ ರಿಪೇರಿ ಅಂಗಡಿಗೆ ಕೆಲಸವಿದೆ. ಆದರೆ ಗಿರಾಕಿಗಳು ಎದುರಿಗೇ ನಿಂತಿರುತ್ತಾರೆ. ಬೀಗದ ಕೈಯ ಅಚ್ಚು ಒತ್ತಿದ ಸೋಪಿನ ತುಂಡನ್ನೂ ಕೇಳಿ ಇಸಕೊಂಡು ಹೋಗುತ್ತಾರೆ. ಬೀಗ ಮುರಿದು ಜೈಲಿಗೆ ಹೋಗಿ ಬಂದವನನ್ನು ಅನುಮಾನಿಸುವುದು ತಪ್ಪಲ್ಲ. ನೀನು ಮನೆಗೆ ಬೀಗ ಹಾಕಿ ಹೊರಟಾಗ, "ನಿಮಗೆ ಬೀಗ ಯಾವ ಲೆಕ್ಕ, ತೆಕ್ಕೊಂಡು ಒಳಗೋಗಿ. ಊರಲ್ಲಿ ಯಾರಾದ್ರೂ ಒಬ್ರು ನಂಬಿ ನಿಮಗೆ ಬೀಗದ ಕೈ ಕೊಟ್ಟ ದಿನ ನಾನು ಬತ್ತೀನಿ" ಎಂದಿದ್ದೆ. ಅಂದಿನಿಂದ, ಮಾಲೀಕರು ಎದುರಿಗಿಲ್ಲದೆ ಯಾವ ಬೀಗಕ್ಕೂ ಕೈ ಹಚ್ಚಿಲ್ಲ. ಕಳೆದ ವಾರದವರೆಗೆ.

ಒಂದು ಮಧ್ಯಾಹ್ನ, ಅಂಗಡಿಯ ಪಕ್ಕದ ಮನೆಯ ತೀರ್ಥಪ್ಪನವರ ಬಾಗಿಲಿನ ಕೆಳಗಿನಿಂದ ನೀರು ಹರಿದು ಬಂತು. ಅವರು ಅಜ್ಜಂಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕರೆಂಟಿಲ್ಲ, ಫೋನ್ ಹೋಗಲಿಲ್ಲ. ಎದುರುಮನೆಯ ಖತೀಜಾಬಿಯನ್ನು ಕೂಗಿದೆ. ಮೇಕೆ ಬಿಟ್ಟು ಬರುವುದಿಲ್ಲವೆಂದು ಊರಲ್ಲೇ ಉಳಿದ ಮುದುಕಿ ಅವಳು.

"ನೋಡ್ತಾ ನಿಂತಿದ್ಯಲ್ಲೋ, ತೆಗಿ" ಎಂದಳು. ಮಾಲೀಕರಿಲ್ಲ ಎಂದೆ. "ನೀರಿಗೆ ಗೊತ್ತೇನೋ ಅದು?" ಎನ್ನುತ್ತ ಜಗಲಿಯ ಮೇಲೆ ಕುಳಿತಳು. "ಕಳ್ಳ ಅಂತ ಯಾರಾದ್ರೂ ಅಂದ್ರೆ ನನ್ನೂ ಸೇರಿಸ್ಕೊಂಡು ಅನ್ಲಿ."

ತೆಗೆದೆ. ಡ್ರಮ್ಮಿನ ನಲ್ಲಿ ಸೀಳಿಹೋಗಿತ್ತು. ಸೈಕಲ್ ಟ್ಯೂಬಿನಿಂದ ಬಿಗಿದು, ನೆಲದ ನೀರನ್ನು ಬಟ್ಟೆಯಲ್ಲಿ ಹಿಂಡಿ ಬಕೆಟ್ಟಿಗೆ ತುಂಬಿ ಅಲ್ಲೇ ಇಟ್ಟೆ. ಖತೀಜಾಬಿ ಮೇಕೆಗೆ ಒಂದು ಚೊಂಬು ನೀರು ಕೇಳಿದಳು, ಕೊಡಲಿಲ್ಲ. ನಮ್ಮದಲ್ಲ ಎಂದೆ. ಅವಳಿಗೆ ಇನ್ನೂ ನನ್ನ ಮೇಲೆ ಮುನಿಸು.

ಬೀಗ ಹಾಕಿ, ಮಾರನೆಯ ಬೆಳಿಗ್ಗೆ ಸೈಕಲ್ಲಿನಲ್ಲಿ ಅಜ್ಜಂಪುರಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ತೀರ್ಥಪ್ಪನವರು ನಿನ್ನೆ ಬಂದು ಡ್ರಮ್ಮುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು, ಬೀರು ತೆರೆದು ನೋಡಿದರು. ತರೀಕೆರೆಯಿಂದ ತಂದ ಹೊಸ ಬೀಗವನ್ನು ನನ್ನ ಕಣ್ಣೆದುರಿಗೇ ತಮ್ಮ ಬಾಗಿಲಿಗೆ ಜಡಿದರು. ಬೈಕು ಹತ್ತಿ ಹೊರಟುಹೋದರು.

ಬೇಸರವಾಯಿತು, ನಿಜ. ಆದರೆ ಮತ್ತೆ ನೀರು ಹರಿದರೆ ಮತ್ತೆ ತೆಗೆಯುತ್ತೇನೆ, ಮತ್ತೆ ಅಜ್ಜಂಪುರಕ್ಕೆ ಹೋಗಿ ಹೇಳುತ್ತೇನೆ. ನಾಳೆಯೂ ಅಂಗಡಿ ತೆರೆಯುತ್ತೇನೆ. ಹೀಗೇ ಇರುವುದೆಂದು ನಿರ್ಧರಿಸಿದ್ದೇನೆ, ಯಾರು ನೋಡಲಿ ಬಿಡಲಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ಅವರಿಗೆ ಬಿಸಿನೀರನ್ನೇ ಕೊಡು.

ನಿನ್ನ
ಬಸವೇಶ

ಇನ್ನೊಂದು ಮಾತು. ಈರಭದ್ರಪ್ಪ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗತಾನೆ ತೀರ್ಥಪ್ಪನವರು ಬೈಕು ನಿಲ್ಲಿಸಿ, ಇಳಿಯದೆಯೇ, "ಹೊಸ ಬೀಗಕ್ಕೆ ಎರಡು ಕೈ ಬಂದಿದ್ವು ಕಣಯ್ಯ. ಒಂದು ನಿನ್ಹತ್ರ ಇರ್ಲಿ. ಆ ನಲ್ಲೀನ ನಂಬಂಗಿಲ್ಲ" ಎಂದು ಕೊಟ್ಟು ಹೋದರು. ಮೊಳೆಗೆ ತೂಗುಹಾಕಿದ್ದೇನೆ. ನಮ್ಮ ಮನೆಯ ಬೀಗ ನೀನು ಹಾಕಿ ಹೋದ ಹಾಗೇ ಇದೆ. ನಾನು ಮಲಗುವುದು ಅಂಗಡಿಯ ಹಲಗೆಯ ಮೇಲೆ. ತುಕ್ಕು ಹಿಡಿಯಬಾರದೆಂದು ಆಗಾಗ ಅದಕ್ಕೆ ಎಣ್ಣೆ ಬಿಡುತ್ತೇನೆ, ಅಷ್ಟೇ. ಅದರ ಕೈ ನಿನ್ನ ಹತ್ತಿರವಿದೆ. ಬರುವಾಗ ಮರೆಯಬೇಡ.